ಒಂದೇ ದೊಡ್ಡಿ, ಒಂದೇ ರೋಗ, ಮೂರು ಹಂದಿ ಮಾತ್ರ ಹೇಗೆ ಉಳಿದವು?

ಕೇಪೆ ಹಂದಿಯವ:

ನಮಸ್ಕಾರ. ನಾವು ಗದಗ ಕಡೆಯವರು, ಅಪ್ಪನ ಕಾಲಕ್ಕೇ ಗೋವಾಕ್ಕೆ ಬಂದು ಸೇರಿದ್ದೇವೆ. ಕೇಪೆ ಹತ್ತಿರ ಬಾಡಿಗೆ ಜಾಗದಲ್ಲಿ ಆರು ವರ್ಷದಿಂದ ಹಂದಿ ಸಾಕುತ್ತಿದ್ದೇನೆ. ಊರಿಗೆ ಹೋದಾಗ ಈ ಕೆಲಸದ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಇಲ್ಲಿ ಕ್ರಿಸ್ಮಸ್ ಹತ್ತಿರ ಬಂದರೆ ಅದೇ ಹಂದಿಗೆ ಜನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಇರಲಿ.

ಈ ಮಳೆಗಾಲದಲ್ಲಿ ನನ್ನ ದೊಡ್ಡಿಗೆ ರೋಗ ಹೊಕ್ಕಿತು. 19 ಹಂದಿ ಇದ್ದವು. ಮೊದಲು ಎರಡು ಮರಿ ತಿನ್ನುವುದು ಬಿಟ್ಟವು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಒಂದರ ಮೇಲೊಂದು ಬಿದ್ದುಕೊಂಡು ನಡುಗುತ್ತಿದ್ದವು. ಆಮೇಲೆ ಕಿವಿ ಮತ್ತು ಹೊಟ್ಟೆ ನೇರಳೆ ಬಣ್ಣಕ್ಕೆ ತಿರುಗಿತು, ಹಿಂಗಾಲು ಕುಡಿದವರ ಹಾಗೆ ತೂರಾಡತೊಡಗಿತು. ಮೂರು ವಾರದೊಳಗೆ 16 ಹೋದವು. ಸ್ಯಾಂಪಲ್ ಕಳಿಸಿದ್ದೆವು, ಹಂದಿ ಜ್ವರ ಅಂತ ಬಂತು. ಕ್ಲಾಸಿಕಲ್ ಸ್ವೈನ್ ಫೀವರ್. ಆಫ್ರಿಕನ್ ಅನ್ನುವ ಇನ್ನೊಂದು ಹಂದಿ ಜ್ವರ ಅಲ್ಲವಂತೆ. ಲಸಿಕೆ ಹಾಕಿಸಿದ್ದೆಯಾ ಅಂತ ದಯವಿಟ್ಟು ಕೇಳಬೇಡಿ, ಹಾಕಿಸಿರಲಿಲ್ಲ, ಅದಕ್ಕೆ ಮನೆಯಲ್ಲಿ ಸಾಕಷ್ಟು ಬೈಸಿಕೊಂಡಾಗಿದೆ.

ಉಳಿದದ್ದು ಮೂರು. ಎರಡು ಇಲ್ಲಿಯ ನಾಟಿ ಕರಿ ಹಂದಿ, ಒಂದು ಬಿಳಿ ಕ್ರಾಸ್ ಹೆಣ್ಣು. ಆ ಹೆಣ್ಣು ಈಗ ಗಬ್ಬ. ಈ ಮೂರೂ ಸತ್ತವುಗಳ ಜೊತೆಗೇ ಒಂದೇ ತೊಟ್ಟಿಯಲ್ಲಿ ತಿಂದು ಒಂದೇ ನೆಲದಲ್ಲಿ ಮಲಗಿದ್ದವು. ಎರಡಕ್ಕೆ ನಾಲ್ಕು ದಿನ ಜ್ವರ ಬಂದು ಹೋಯಿತು, ಇನ್ನೊಂದಕ್ಕೆ ಅದೂ ಇಲ್ಲ.

ನನ್ನ ಮಗಳು ಮಡಗಾಂವಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಜೀವಕೋಶದ ಒಳಗೇ ವೈರಸ್ಸನ್ನು ತಡೆಯುವ ಪ್ರೊಟೀನುಗಳು ಇರುತ್ತವೆ ಅಪ್ಪಾ, ಇವುಗಳಲ್ಲಿ ಅದು ಜಾಸ್ತಿ ಇರಬಹುದು ಅಂತಾಳೆ. ಈ ನಡುವೆ ಒಬ್ಬರು ಬಂದು ಇಂಟರ್ಫೆರಾನ್ ಹೆಚ್ಚಿಸುವ ಪುಡಿ ಅಂತ ಕಿಲೋಗೆ 1,800 ರೂಪಾಯಿಯ ಡಬ್ಬ ತೋರಿಸಿ ಹೋದರು. ಆ ಪ್ರೊಟೀನುಗಳು ನಿಜಕ್ಕೂ ಏನು ಮಾಡುತ್ತವೆ? ಪುಡಿ ತಿನ್ನಿಸಿದರೆ ಹೆಚ್ಚುತ್ತವಾ? ಈ ಮೂರರಿಂದಲೇ ತಳಿ ಬೆಳೆಸಿದರೆ ರೋಗ ತಡೆಯುವ ಮರಿ ಸಿಗುತ್ತವಾ? ಕನ್ನಡದಲ್ಲಿ ಹೇಳಿದರೆ ಉಪಕಾರ, ಯೂಟ್ಯೂಬಿನಲ್ಲಿ ಸಿಕ್ಕಿದ್ದೆಲ್ಲ ಇಂಗ್ಲಿಷು.


ಪುಣೆ ಪೆಟ್ರಿಡಿಶ್:

16 ಹಂದಿ ಹೋದದ್ದು ಓದಿ ಬೇಜಾರಾಯಿತು. ನಾನು ಶಿರಸಿಯವನು, ಪುಣೆಯಲ್ಲಿ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನದು ಬೇರೆ ವೈರಸ್, ಆದರೆ ದಿನಾ ಕೈಯಲ್ಲಿ ಹಿಡಿಯುವುದು ಹಂದಿಯ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಜೀವಕೋಶ, ಪಿಕೆ-15 ಅಂತ ಅದರ ಹೆಸರು. ಹಾಗಾಗಿ ಸ್ವಲ್ಪ ಹೇಳಬಲ್ಲೆ. ಉದ್ದ ಆದರೆ ಕ್ಷಮಿಸಿ.

ನೀವು ಕೇಳಿದ ಪ್ರಶ್ನೆ ಇದೆಯಲ್ಲ, ಎಲ್ಲ ಸತ್ತಾಗ ಇವು ಯಾಕೆ ಸಾಯಲಿಲ್ಲ ಅಂತ, ಈ ಪ್ರೊಟೀನುಗಳ ಪೈಕಿ ತುಂಬ ಹೆಸರಾದ ಒಂದು ಸಿಕ್ಕಿದ್ದೇ ಆ ಪ್ರಶ್ನೆಯಿಂದ. ಝಾಂ ಲಿಂಡೆನ್‌ಮನ್ ಅಂತ ಸ್ವಿಟ್ಜರ್ಲೆಂಡಿನ ವಿಜ್ಞಾನಿ. 1957ರಲ್ಲಿ ಅವರು ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಜೊತೆ ಸೇರಿ ಇಂಟರ್ಫೆರಾನ್ ಕಂಡುಹಿಡಿದರು. ಆಮೇಲೆ 1960ರ ದಶಕದ ಶುರುವಿನಲ್ಲಿ ಇಲಿಗಳಿಗೆ ಫ್ಲೂ ವೈರಸ್ ಕೊಟ್ಟು ನೋಡುವಾಗ ಎ2ಜಿ ಅನ್ನುವ ಒಂದು ತಳಿಯ ಇಲಿಗಳು ಮಾತ್ರ ಸಾಯಲೇ ಇಲ್ಲ. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಅಂತ ಬಿಟ್ಟುಬಿಡುತ್ತಿದ್ದರೇನೋ, ಇವರು ಬೆನ್ನು ಹತ್ತಿದರು. ಅದರಿಂದ ಸಿಕ್ಕಿದ್ದು ಆ ಪ್ರೊಟೀನು ಮಾಡಿಸುವ ಎಂಎಕ್ಸ್ ಅನ್ನುವ ಜೀನ್. ಲ್ಯಾಬಿನ ಹೆಚ್ಚಿನ ಇಲಿ ತಳಿಗಳಲ್ಲಿ ಆ ಜೀನ್ ಕೆಟ್ಟುಹೋಗಿದೆ, ಎ2ಜಿಯಲ್ಲಿ ನೆಟ್ಟಗಿತ್ತು, ಅಷ್ಟೇ ವ್ಯತ್ಯಾಸ. ಹಂದಿಗೂ ಎಂಎಕ್ಸ್ ಇದೆ, ನಮಗೂ ಇದೆ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡಿ. ವೈರಸ್ ಒಂದು ಜೀವಕೋಶಕ್ಕೆ ನುಗ್ಗಿತು ಅಂದುಕೊಳ್ಳಿ. ಒಳಗೆ ಇರಬಾರದ ಜಾತಿಯ ಆರ್‌ಎನ್‌ಎ ಕಂಡರೆ ಸಾಕು, ಕಾವಲಿನ ಪ್ರೊಟೀನುಗಳು ಎಚ್ಚರಗೊಳ್ಳುತ್ತವೆ. ಅವು ಐಆರ್‌ಎಫ್3 ಅನ್ನುವ ಇನ್ನೊಂದು ಪ್ರೊಟೀನಿಗೆ ಸುದ್ದಿ ಮುಟ್ಟಿಸುತ್ತವೆ. ಅದು ಕೋಶಕೇಂದ್ರಕ್ಕೆ ಹೋಗಿ ಇಂಟರ್ಫೆರಾನ್ ತಯಾರಿ ಶುರು ಮಾಡಿಸುತ್ತದೆ. ಇಂಟರ್ಫೆರಾನ್ ಅಂದರೆ ಊರಲ್ಲಿ ಡಂಗುರ ಸಾರಿದ ಹಾಗೆ. ತಾನು ಯಾರನ್ನೂ ಹೊಡೆಯುವುದಿಲ್ಲ. ಆ ಸದ್ದು ಕೇಳಿದ ಅಕ್ಕಪಕ್ಕದ ಕೋಶಗಳು ವೈರಸ್ ಬರುವ ಮೊದಲೇ ನೂರಾರು ಬಗೆಯ ಪ್ರೊಟೀನು ಮಾಡಿ ಇಟ್ಟುಕೊಳ್ಳುತ್ತವೆ. ನಿಮ್ಮ ಮಗಳು ಹೇಳಿದ್ದು ಇವುಗಳನ್ನೇ.

ಒಂದೊಂದರ ವರಸೆ ಒಂದೊಂದು. ಟೆಥರಿನ್ ಅನ್ನುವುದು ಹೊರಗೆ ಹೊರಟ ವೈರಸ್ ಕಣವನ್ನು ಕೋಶದ ಹೊರಪೊರೆಗೇ ಕಟ್ಟಿಹಾಕುತ್ತದೆ, ಹಗ್ಗ ಹಾಕಿದ ಹಾಗೆ. ಸಿಎಚ್25ಎಚ್ ಅನ್ನುವುದು ಕೊಲೆಸ್ಟ್ರಾಲನ್ನು ಸ್ವಲ್ಪ ಬದಲಿಸುತ್ತದೆ. ಅದರಿಂದ ಪೊರೆಯ ಗುಣವೇ ಬದಲಾಗಿ ವೈರಸ್ಸಿಗೆ ಒಳಗೆ ಸೇರಿಕೊಳ್ಳಲು ಕಷ್ಟ. ನಿಮ್ಮ ಹಂದಿ ಜ್ವರದ ವೈರಸ್ಸಿಗೆ ಎದುರಾಗಿ ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಿದವು ವೈಪೆರಿನ್ ಮತ್ತು ಜಿಬಿಪಿ1. ಈ ಎರಡೂ ವೈರಸ್ಸಿನ ಎನ್‌ಎಸ್5ಎ ಅನ್ನುವ ಭಾಗಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ವೈರಸ್ ತನ್ನ ನಕಲು ಮಾಡಿಕೊಳ್ಳಲು ಬೇಕಾದ ಭಾಗ ಅದು.

ಇಷ್ಟೆಲ್ಲ ಇದ್ದೂ ನಿಮ್ಮ 16 ಹಂದಿ ಯಾಕೆ ಸತ್ತವು? ಯಾಕೆಂದರೆ ವೈರಸ್ಸೂ ಸುಮ್ನೆ ಕೂತಿಲ್ಲ. ಹಂದಿ ಜ್ವರದ ವೈರಸ್ ಎನ್‌ಪ್ರೋ ಅನ್ನುವ ಒಂದು ಪ್ರೊಟೀನು ಹೊತ್ತು ತಿರುಗುತ್ತದೆ. ಅದು ಹೋಗಿ ಹಿಡಿಯುವುದು ನೇರ ಐಆರ್‌ಎಫ್3ಯನ್ನೇ. ಹಿಡಿದು ಕೋಶದ ಕಸದ ಗಿರಣಿಗೆ ದಬ್ಬುತ್ತದೆ. ಅಂದರೆ ಡಂಗುರದವನ ಕೈಯನ್ನೇ ಕಡಿದ ಹಾಗೆ. ಸೋಂಕಾದ ಕೋಶ ಕೂಗುವುದೇ ಇಲ್ಲ. ಈ ವೈರಸ್ಸನ್ನು ಬೆಳೆಸಿದ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಮಾನ್ಯವಾಗಿ ಏನೂ ಆಗದವರ ಹಾಗೆ ಕಾಣುತ್ತವೆ, ಬಣ್ಣ ಹಾಕಿದ ಮೇಲಷ್ಟೇ ಒಳಗೆ ವೈರಸ್ ತುಂಬಿರುವುದು ಗೊತ್ತಾಗುತ್ತದೆ. ಜಿಬಿಪಿ1ಗೂ ತಿರುಗೇಟು ಇದೆ. ಅದು ಹೋಗಿ ಹಿಡಿದ ಎನ್‌ಎಸ್5ಎ ಇದೆಯಲ್ಲ, ಅದೇ ತಿರುಗಿ ಜಿಬಿಪಿ1ರ ಶಕ್ತಿಯನ್ನು ಕುಂದಿಸುತ್ತದೆ.

ಎಲ್ಲ ಹೊತ್ತಿನ ಆಟ. ನಮ್ಮ ಕೋಶ ಬೆಳೆಸುವ ಡಿಶ್ಶಿನಲ್ಲಿ ಒಂದು ದಿನ ಮೊದಲೇ ಇಂಟರ್ಫೆರಾನ್ ಹಾಕಿಟ್ಟರೆ ವೈರಸ್ ತಲೆ ಎತ್ತುವುದೇ ಕಷ್ಟ. ವೈರಸ್ ಹಾಕಿ ಮಾರನೇ ದಿನ ಹಾಕಿದರೆ ನೀರು ಹಾಕಿದ ಹಾಗೆಯೇ. ಒಂದು ಹಂದಿಗೆ ಎಷ್ಟು ವೈರಸ್ ಹೊಕ್ಕಿತು, ಅದರ ವಯಸ್ಸೆಷ್ಟು, ತಾಯಿಯ ಗಿಣ್ಣದಿಂದ ಏನು ಬಂದಿತ್ತು, ಹೊಟ್ಟೆಗೆ ಸರಿಯಾಗಿ ಇತ್ತಾ ಇಲ್ಲವಾ, ಎಲ್ಲ ಸೇರಿ ಯಾರು ಮೊದಲು ಓಡಿದರು ಅನ್ನುವುದು ತೀರ್ಮಾನ ಆಗುತ್ತದೆ. ಸಣ್ಣ ಮರಿಗಳು ಮೊದಲು ಹೋಗಿ ದೊಡ್ಡವು ಉಳಿಯುವುದು ಈ ರೋಗದಲ್ಲಿ ಸಾಮಾನ್ಯ. ಆ ಮೂರರ ಒಳಗೆ ವಿಶೇಷ ಪ್ರೊಟೀನು ಇತ್ತು ಅಂತ ಮೂರೇ ಹಂದಿ ನೋಡಿ ನಾನಂತೂ ಹೇಳಲಾರೆ.

ಪುಡಿಯ ವಿಷಯ. ಇದು ನೀವು ನಿರೀಕ್ಷಿಸದ ಮಾತು ಇರಬಹುದು. ಜೋರಾಗಿ ಕಾಯಿಲೆ ಬಿದ್ದ ಹಂದಿಗಳ ರಕ್ತದಲ್ಲಿ ಇಂಟರ್ಫೆರಾನ್ ಕಡಿಮೆ ಇರುವುದಿಲ್ಲ, ಸಿಕ್ಕಾಪಟ್ಟೆ ಜಾಸ್ತಿ ಇರುತ್ತದೆ. ಸೋಂಕಾದ ಹೆಚ್ಚಿನ ಕೋಶಗಳ ಬಾಯಿ ಕಟ್ಟಿದ್ದರೂ ಡೆಂಡ್ರಿಟಿಕ್ ಅನ್ನುವ ಒಂದು ಜಾತಿಯ ಕೋಶ ಕೂಗುತ್ತಲೇ ಇರುತ್ತದೆ, ಅದೂ ಊರಿಗೆ ಬೆಂಕಿ ಬಿದ್ದ ಮೇಲೆ. ಆ ಅತಿಯಾದ ಕೂಗಿಗೂ ಬಿಳಿ ರಕ್ತಕಣಗಳು ಸಾಯುವುದಕ್ಕೂ ನಂಟು ಕಂಡುಬಂದಿದೆ. ಹಾಗಾಗಿ ಇಂಟರ್ಫೆರಾನ್ ಹೆಚ್ಚಿಸುತ್ತೇನೆ ಅನ್ನುವವರಿಗೆ, ಯಾವ ಕೋಶದಲ್ಲಿ, ಯಾವ ದಿನ, ಎಷ್ಟು ಅಂತ ಕೇಳಿ ನೋಡಿ.


ಡೊಂಬಿವಲಿ ದೊಡ್ಡಪ್ಪ:

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು. ನಾಟಿ ಹಂದಿ ಉಳಿಯಿತು ಅಂತ ಅವರೇ ಹೇಳುತ್ತಿದ್ದಾರೆ, ಎರಡಕ್ಕೆ ಎರಡೂ. ನಾಟಿ ತಳಿಗೆ ತಾಕತ್ತು ಜಾಸ್ತಿ ಅನ್ನುವುದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಗೋವಾದ ಕರಿ ಹಂದಿಗೆ ಸರ್ಕಾರವೇ ತಳಿ ಅಂತ ಮಾನ್ಯತೆ ಕೊಟ್ಟಿದೆ ಅಲ್ವಾ? ಮತ್ತೆ ಅಮೆರಿಕದಲ್ಲಿ ಜೀನ್ ತಿದ್ದಿದ ಹಂದಿಗೆ ಒಪ್ಪಿಗೆ ಸಿಕ್ಕಿದೆ ಅಂತ ಪೇಪರಿನಲ್ಲಿ ಓದಿದೆ. ಅಲ್ಲಿ ತಡೆಯುವ ಪ್ರೊಟೀನು ಹಾಕುತ್ತಾರೆ, ಇಲ್ಲಿ ನಾವು ಲಸಿಕೆ ಅಂತ ಕೂತಿದ್ದೇವೆ.


ಫೋಂಡಾ ದನದ ಡಾಕ್ಟ್ರು:

ದೊಡ್ಡಪ್ಪನವರೇ, ಅಗೊಂದಾ ಗೋವನ್ ಅಂತ ತಳಿ ನೋಂದಣಿ ಆಗಿರುವುದು ನಿಜ. ಅದು ಆ ಹಂದಿಯ ಗುರುತಿಗೆ ಕೊಟ್ಟ ಚೀಟಿ, ಹಂದಿ ಜ್ವರ ಬರುವುದಿಲ್ಲ ಅನ್ನುವುದಕ್ಕೆ ಕೊಟ್ಟದ್ದಲ್ಲ. ಊರೊಳಗೆ ಅಡ್ಡಾಡುವ ಕರಿ ಹಂದಿಗಳು ಇದೇ ರೋಗದಲ್ಲಿ ಸತ್ತದ್ದನ್ನು ನಾನೇ ಹೂಳಿಸಿದ್ದೇನೆ.

ಕೇಪೆಯವರೇ, ನನ್ನ ತಲೆ ಪ್ರೊಟೀನಿನ ಕಡೆ ಹೋಗುತ್ತಿಲ್ಲ, ನಿಮ್ಮ ಗಬ್ಬದ ಹಂದಿಯ ಕಡೆ ಹೋಗುತ್ತಿದೆ. ರೋಗ ಬಂದಾಗ ಅದಕ್ಕೆ ಎಷ್ಟು ದಿನ ಆಗಿತ್ತು? ಹಂದಿಯ ಗಬ್ಬ 114 ದಿನ. ಅದರಲ್ಲಿ ಸುಮಾರು 40ರಿಂದ 70ನೇ ದಿನದ ಒಳಗೆ ವೈರಸ್ ಮರಿಗೆ ದಾಟಿದರೆ ಕೆಲಸ ಕೆಟ್ಟಿತು. ಆ ಹೊತ್ತಿಗೆ ಮರಿಯ ಮೈ ಇನ್ನೂ ತನ್ನದು ಯಾವುದು ಪರರದು ಯಾವುದು ಅಂತ ಕಲಿಯುತ್ತಿರುತ್ತದೆ. ವೈರಸ್ಸನ್ನೂ ತನ್ನದೇ ಅಂದುಕೊಂಡುಬಿಡುತ್ತದೆ. ಅಂಥ ಮರಿ ಹುಟ್ಟಿದಾಗ ಲಕ್ಷಣವಾಗಿಯೇ ಇರುತ್ತದೆ, ತಿನ್ನುತ್ತದೆ, ಓಡಾಡುತ್ತದೆ, ತಿಂಗಳುಗಟ್ಟಲೆ ಮೂಗಿನಿಂದ, ಸಗಣಿಯಿಂದ ವೈರಸ್ ಸುರಿಸುತ್ತಾ ಇರುತ್ತದೆ, ಆಮೇಲೆ ಸೊರಗಿ ಸಾಯುತ್ತದೆ. ರೋಗ ಗೆದ್ದ ತಳಿ ಅಂತ ನೀವು ಆ ಮರಿಗಳನ್ನು ನಾಲ್ಕು ಮನೆಗೆ ಮಾರಿದರೆ ನಾಲ್ಕು ದೊಡ್ಡಿ ಹೋಗುತ್ತವೆ.

ಆದ್ದರಿಂದ ಮೂರನ್ನೂ ಬೇರೆ ಬೇರೆ ಕಟ್ಟಿ ರಕ್ತ ಕೊಡಿ, ವೈರಸ್ಸಿಗೂ ಪ್ರತಿಕಾಯಕ್ಕೂ ಎರಡೂ ಪರೀಕ್ಷೆ. ಗುಣವಾದ ಹಂದಿಯಲ್ಲಿ ಪ್ರತಿಕಾಯ ಇರುತ್ತದೆ, ವೈರಸ್ ಇರುವುದಿಲ್ಲ. ಹೆಣ್ಣು ಈದ ದಿನ ಮರಿಗಳು ಗಿಣ್ಣ ಕುಡಿಯುವ ಮೊದಲೇ ಅವುಗಳ ರಕ್ತ ತೆಗೆಸಿ. ಹೇಳುವುದು ಸುಲಭ, ರಾತ್ರಿ ಎರಡಕ್ಕೆ ಈಯುತ್ತದೆ ಅದು, ನನಗೂ ಗೊತ್ತು.

ಹೊಸ ಹಂದಿ ತರುವ ಮೊದಲು ದೊಡ್ಡಿ ತೊಳೆದು ಸುಣ್ಣ ಹೊಡೆದು ಖಾಲಿ ಬಿಡಿ. ಲಸಿಕೆ ಹಾಕಿಸಿ. ಹಿಂದೆ ಮೊಲದ ಮೈಯಲ್ಲಿ ಬೆಳೆಸುತ್ತಿದ್ದರು, ಒಂದು ಮೊಲಕ್ಕೆ ಸುಮಾರು 50 ಡೋಸು ಅಷ್ಟೇ ಅಂತ ಯಾವಾಗಲೂ ಕೊರತೆ. ಈಗ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಕೋಶದಲ್ಲಿ ಬೆಳೆಸುವ ಲಸಿಕೆ ಮಾಡಿದ್ದಾರೆ. ಪೆಟ್ರಿಡಿಶ್ ಅವರ ಡಂಗುರ, ಹಗ್ಗ ಎಲ್ಲ ಸರಿ, ನನ್ನ ಕೈಲಿರುವುದು ಸಿರಿಂಜು.

ಇನ್ನು ಮೇವು. ಹೋಟೆಲ್ ಮುಸುರೆ ತರುತ್ತೀರಾ?


ಪುಣೆ ಪೆಟ್ರಿಡಿಶ್:

ಡಾಕ್ಟ್ರು ಹೇಳಿದ ಗಬ್ಬದ ವಿಷಯ ನನಗೆ ಹೊಳೆದೇ ಇರಲಿಲ್ಲ, ಅದಕ್ಕೇ ಲ್ಯಾಬಿನವರ ಮಾತು ಒಂದನ್ನೇ ನಂಬಬಾರದು.

ದೊಡ್ಡಪ್ಪನವರಿಗೆ. ಅಮೆರಿಕದ ಸುದ್ದಿ ನಿಜ, 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಆಹಾರ, ಔಷಧ ನಿಯಂತ್ರಣದ ಇಲಾಖೆ ಎಫ್‌ಡಿಎ ಒಪ್ಪಿತು. ಆದರೆ ಅಲ್ಲಿ ತಡೆಯುವ ಪ್ರೊಟೀನು ಹಾಕಿಲ್ಲ. ತದ್ವಿರುದ್ಧ, ಇದ್ದ ಒಂದನ್ನು ತೆಗೆದಿದ್ದಾರೆ. ಆ ರೋಗ ಪಿಆರ್‌ಆರ್‌ಎಸ್, ಉಸಿರಾಟ ಕೆಡಿಸುತ್ತದೆ, ಗಬ್ಬ ಬೀಳಿಸುತ್ತದೆ. ನಮ್ಮಲ್ಲಿ 2013ರಲ್ಲಿ ಮಿಜೋರಾಂನಲ್ಲಿ ಕಾಣಿಸಿಕೊಂಡಿತು. ಆ ವೈರಸ್ ಶ್ವಾಸಕೋಶದ ಮ್ಯಾಕ್ರೋಫೇಜ್ ಅನ್ನುವ ಕಾವಲು ಕೋಶಕ್ಕೆ ಹೋಗಬೇಕಾದರೆ ಸಿಡಿ163 ಅನ್ನುವ ಪ್ರೊಟೀನು ಬೇಕು. ಮಿಸೌರಿ ವಿಶ್ವವಿದ್ಯಾಲಯದವರು ಆ ಜೀನ್ ಕೆಡಿಸಿದ ಹಂದಿಗೆ ವೈರಸ್ ಕೊಟ್ಟು ನೋಡಿ 2016ರ ಹೊತ್ತಿಗೆ ಪ್ರಕಟಿಸಿದರು, ಏನೂ ಆಗಲಿಲ್ಲ. ಎಡಿನ್‌ಬರೋದ ರೋಸ್ಲಿನ್ ಸಂಸ್ಥೆಯವರು, ಅದೇ ಡಾಲಿ ಕುರಿಯ ಕ್ಲೋನ್ ಮಾಡಿದವರು, ಇಡೀ ಪ್ರೊಟೀನು ಬೇಡ, ವೈರಸ್ ಹಿಡಿದುಕೊಳ್ಳುವ ಒಂದು ತುಂಡು ಮಾತ್ರ ತೆಗೆದರೂ ಸಾಕು ಅಂತ ತೋರಿಸಿದರು. ಮಿಕ್ಕ ಭಾಗಕ್ಕೆ ರಕ್ತದ ಹಿಮೋಗ್ಲೋಬಿನ್ ಗುಡಿಸುವ ಕೆಲಸ ಇದೆ, ಅದು ಹಾಗೇ ನಡೆಯುತ್ತದೆ.

ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ಕಾವಲುಗಾರನಿಗೆ ವೈರಸ್ ಲಂಚ ಕೊಡಬಹುದು, ಕೈ ಕಡಿಯಬಹುದು, ಬಾಗಿಲೇ ಇಲ್ಲದ ಗೋಡೆಗೆ ಏನು ಮಾಡೀತು? ಅದೇ ಪಿಆರ್‌ಆರ್‌ಎಸ್ ವೈರಸ್ ಮೇಲೆ ಹೇಳಿದ ಸಿಎಚ್25ಎಚ್ ಅನ್ನು ತನ್ನದೇ ಪ್ರೊಟೀನು ಬಳಸಿ ಕಸಕ್ಕೆ ಹಾಕಿಸುತ್ತದೆ. ಸಿಡಿ163 ಇಲ್ಲದಿದ್ದರೆ ಮಾತ್ರ ಬೇರೆ ದಾರಿ ಹುಡುಕಲು ಅದಕ್ಕೆ ಸಲೀಸಲ್ಲ.

ಒಂದು ರೋಗದ ಬಾಗಿಲು ಇನ್ನೊಂದಕ್ಕೆ ಆಗುವುದಿಲ್ಲ, ಅದು ಬೇರೆ. ಸಿಡಿ163 ಇಲ್ಲದ ಹಂದಿಗೆ ಆಫ್ರಿಕನ್ ಹಂದಿ ಜ್ವರ ಕೊಟ್ಟರೆ ಮಾಮೂಲಿನ ಹಾಗೇ ಕಾಯಿಲೆ ಬಿದ್ದವು. ಆಫ್ರಿಕಾದ ಕಾಡುಹಂದಿ ವಾರ್ಟ್‌ಹಾಗ್‌ಗೆ ಆ ವೈರಸ್ ಹೊಕ್ಕರೂ ಏನೂ ಆಗುವುದಿಲ್ಲ. ಅದರ ಆರ್‌ಇಎಲ್‌ಎ ಅನ್ನುವ ಜೀನ್ ಊರ ಹಂದಿಯದಕ್ಕಿಂತ ಸ್ವಲ್ಪ ಬೇರೆ. ಅದೇ ಗುಟ್ಟಿರಬೇಕು ಅಂತ ರೋಸ್ಲಿನ್‌ನವರು ಊರ ಹಂದಿಯಲ್ಲಿ ಅದನ್ನು ವಾರ್ಟ್‌ಹಾಗ್‌ನದರ ಹಾಗೆ ತಿದ್ದಿದರು. ಹಂದಿಗಳು ಉಳಿಯಲಿಲ್ಲ. ಅಷ್ಟು ವರ್ಷದ ಕೆಲಸ!

ಕ್ಲಾಸಿಕಲ್ ಹಂದಿ ಜ್ವರಕ್ಕೆ ಮಾತ್ರ 2025ರಲ್ಲಿ ಒಳ್ಳೆಯ ಸುದ್ದಿ ಬಂತು. ಡಿಎನ್‌ಎಜೆಸಿ14 ಅಂತ ಹಂದಿಯದೇ ಒಂದು ಪ್ರೊಟೀನು ಇದೆ. ವೈರಸ್ ತನ್ನ ಉದ್ದನೆಯ ಪ್ರೊಟೀನನ್ನು ಸರಿಯಾದ ಜಾಗದಲ್ಲಿ ಕತ್ತರಿಸಿಕೊಳ್ಳಲು ಅದರ ಸಹಾಯ ಬೇಡುತ್ತದೆ. ರೋಸ್ಲಿನ್‌ನವರೇ ಆ ಜೀನ್ ತಿದ್ದಿದ ಹಂದಿಗಳನ್ನು ವೈರಸ್ಸಿಗೆ ಒಡ್ಡಿದಾಗ ಅವು ಆರಾಮಾಗಿದ್ದವು. ಇದು ಕೇಪೆಯ ದೊಡ್ಡಿಗೆ ನಾಳೆ ಬರುವ ಮಾತಲ್ಲ.

ಉಳಿದವುಗಳಿಂದ ತಳಿ ಮಾಡುವ ಯೋಚನೆ ದಡ್ಡತನ ಏನಲ್ಲ, ಇದನ್ನು ಹೇಳಲೇಬೇಕು. ಪಿಆರ್‌ಆರ್‌ಎಸ್‌ನಲ್ಲಿ ಅಮೆರಿಕದವರು ಒಂದು ಸಲಕ್ಕೆ ಸುಮಾರು 200 ಮರಿಯ ಹಾಗೆ ತಂಡದ ಮೇಲೆ ತಂಡಕ್ಕೆ ಬೇಕೆಂದೇ ಸೋಂಕು ಕೊಟ್ಟು, ರಕ್ತದಲ್ಲಿ ವೈರಸ್ ಎಷ್ಟು, ಮರಿ ಎಷ್ಟು ತೂಕ ಬಂತು ಅಂತ ಬರೆದಿಟ್ಟರು. ಹಂದಿಯ 4ನೇ ಕ್ರೋಮೋಸೋಮಿನಲ್ಲಿ ಒಂದು ಜಾಗ ಸಿಕ್ಕಿತು. ಅಲ್ಲಿರುವುದು ಜಿಬಿಪಿ5, ನಮ್ಮ ಜಿಬಿಪಿ1ರ ದಾಯಾದಿ. ಒಳ್ಳೆಯ ರೂಪ ಇದ್ದ ಮರಿಗಳಲ್ಲಿ ವೈರಸ್ ಕಡಿಮೆ, ತೂಕ ಜಾಸ್ತಿ. ಸೋಂಕೇ ಆಗುವುದಿಲ್ಲ ಅಂತಲ್ಲ, ಕಡಿಮೆ. ಅಷ್ಟು ಕಾಣಲು ಅಷ್ಟು ಹಂದಿ ಬೇಕಾಯಿತು.


ಕೇಪೆ ಹಂದಿಯವ:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿಸಿದೆ, ಡಂಗುರದವನ ಕೈ ಕಡಿಯುವುದು ಅವಳಿಗೆ ತುಂಬ ಹಿಡಿಸಿತು.

ಡಾಕ್ಟ್ರೇ, ನಿಮ್ಮ ಮಾತು ಓದಿ ಡೈರಿ ತೆಗೆದೆ. ಹೆಣ್ಣನ್ನು ಗಂಡಿಗೆ ಬಿಟ್ಟ ದಿನ ಬರೆದಿಟ್ಟಿದ್ದೆ. ಮೊದಲ ಮರಿ ಸತ್ತ ದಿನಕ್ಕೆ ಲೆಕ್ಕ ಹಾಕಿದರೆ 52 ದಿನ. ಕೈಕಾಲು ತಣ್ಣಗಾಯಿತು. ಆ ಹೊಟ್ಟೆಯಲ್ಲಿರುವ ಮರಿಗಳಿಗೆ ಆಗಲೇ ಇಬ್ಬರು ಅಡ್ವಾನ್ಸ್ ಕೊಟ್ಟಿದ್ದರು, ರೋಗ ಗೆದ್ದ ತಾಯಿ ಅಂತ ನಾನೇ ಹೊಗಳಿ ಮಾರಿದ್ದೆ. ನಿನ್ನೆ ಇಬ್ಬರಿಗೂ ಫೋನ್ ಮಾಡಿ ದುಡ್ಡು ವಾಪಸ್ ಅಂದೆ. ಒಬ್ಬರು ಬೈದರು. ಇರಲಿ.

ಪುಡಿಯವರು ಮೊನ್ನೆ ಮತ್ತೆ ಬಂದಿದ್ದರು. ಯಾವ ಕೋಶದಲ್ಲಿ, ಯಾವ ದಿನ ಅಂತ ಪುಣೆಯವರು ಹೇಳಿದ ಹಾಗೇ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಹಂದಿಗೆ ಬೇಡವಾದರೆ ಕೋಳಿಗೂ ಆಗುತ್ತದೆ ಅಂದರು.

ಮುಸುರೆ ತರುತ್ತೇನೆ ಡಾಕ್ಟ್ರೇ. ಮಡಗಾಂವಿನ ಎರಡು ಖಾನಾವಳಿ, ಒಂದು ಮದುವೆ ಹಾಲ್. ಇಷ್ಟು ದಿನ ಹಾಗೇ ಸುರಿಯುತ್ತಿದ್ದೆ. ಅದರಲ್ಲಿ ಹಂದಿ ಮಾಂಸದ ಚೂರು, ಚೋರಿಸ್ ಸಾಸೇಜಿನ ತುಂಡು ಎಲ್ಲ ಇರುತ್ತದೆ. ಚೋರಿಸ್ ಉಪ್ಪು, ವಿನೆಗರ್ ಹಾಕಿ ಒಣಗಿಸಿದ್ದಲ್ವಾ, ಅದರಲ್ಲಿ ವೈರಸ್ ಬದುಕುತ್ತದಾ?


ಫೋಂಡಾ ದನದ ಡಾಕ್ಟ್ರು:

ಡೈರಿ ಬರೆದಿಟ್ಟಿದ್ದೀರಲ್ಲ, ನೂರಕ್ಕೆ ಹತ್ತು ಜನವೂ ಬರೆಯುವುದಿಲ್ಲ. 52 ಅಂದರೆ ನಡುಮಧ್ಯ. ಎಲ್ಲ ಮರಿಗೂ ದಾಟಿರಲೇಬೇಕು ಅಂತ ಇಲ್ಲ, ಆದರೆ ಪರೀಕ್ಷೆ ಆಗುವ ತನಕ ಒಂದು ಮರಿಯೂ ಗೇಟು ದಾಟಬಾರದು. ಈಯುವುದಕ್ಕೆ ನಾಲ್ಕು ದಿನ ಮುಂಚೆ ನಿಮ್ಮ ತಾಲೂಕಿನ ಪಶು ಆಸ್ಪತ್ರೆಗೆ ಹೇಳಿಡಿ.

ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು, ಆಫ್ರಿಕನ್ನಿನದೂ ಅಷ್ಟೇ. 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಬಂದ ಆಫ್ರಿಕನ್ ಜ್ವರಕ್ಕೆ ಇಲ್ಲಿ ಹಾಕಿಸಲು ಲಸಿಕೆ ಕೂಡ ಇಲ್ಲ. ಮನುಷ್ಯರಿಗೆ ಇವೆರಡರಿಂದಲೂ ಏನೂ ಆಗುವುದಿಲ್ಲ, ನಿಮ್ಮ ಗಿರಾಕಿಗಳು ಕೇಳಿದರೆ ಧೈರ್ಯವಾಗಿ ಹೇಳಿ. ಆ ಮಾಂಸವನ್ನು ಹಂದಿಯೇ ತಿಂದರೆ ಮಾತ್ರ ಕಥೆ ಬೇರೆ. ಚೋರಿಸ್ ನೀವು ತಿನ್ನಿ, ಅದಕ್ಕೆ ಹಾಕಬೇಡಿ.

ಮುಸುರೆ ಬಿಡಲು ಆಗದಿದ್ದರೆ ಕುದಿಸಿ. ಬಿಸಿ ಮಾಡುವುದು ಸಾಲದು, ಕೊತಕೊತ ಕುದಿ ಬಂದ ಮೇಲೆ ಅರ್ಧ ಗಂಟೆ, ಕೈಯಾಡಿಸುತ್ತಾ. ಹಸಿ ಮುಸುರೆ ತಂದ ಡ್ರಮ್ಮಿನಲ್ಲೇ ಕುದಿಸಿದ್ದನ್ನು ಮತ್ತೆ ಸುರಿಯಬೇಡಿ, ಎಲ್ಲರೂ ಮಾಡುವ ತಪ್ಪು ಅದು.


ಕೇಪೆ ಹಂದಿಯವ:

ಸರಿ ಡಾಕ್ಟ್ರೇ. ಹಳೇ ಕಾಜು ಫೆನಿ ಭಟ್ಟಿಯ ತಾಮ್ರದ ಹಂಡೆ ಒಂದು ಪಕ್ಕದ ಮನೆಯವರ ಹತ್ತಿರ ಇದೆ, 90 ಲೀಟರ್ ಹಿಡಿಯುತ್ತದೆ. ಅದು ಆಗುತ್ತದಾ?


ಫೋಂಡಾ ದನದ ಡಾಕ್ಟ್ರು:

ತಾಮ್ರ ಬೇಡ, ಮುಸುರೆಯಲ್ಲಿ ಹುಳಿ ಇರುತ್ತದೆ, ತಾಮ್ರ ಬಿಡುತ್ತದೆ. ಕಬ್ಬಿಣದ ಡ್ರಮ್ ಅರ್ಧ ಕೊಯ್ಸಿಕೊಳ್ಳಿ. ಹಂಡೆಯನ್ನು ಫೆನಿಗೇ ಬಿಡಿ.